ಕುರಿ ಮೇಯುವ ದ್ವೀಪಗಳಿಗಾಗಿ 74 ದಿನ

ದಕ್ಷಿಣ ಅಮೆರಿಕದ ಕೆಳತುದಿಯ ಕರಾವಳಿಯಿಂದ ಪೂರ್ವಕ್ಕೆ ಸುಮಾರು 480 ಕಿಲೋಮೀಟರ್ ದೂರ, ಅಟ್ಲಾಂಟಿಕ್ ಸಾಗರದ ನಡುವೆ ಫಾಕ್‌ಲ್ಯಾಂಡ್ ದ್ವೀಪಗಳಿವೆ. ಪೂರ್ವ ಫಾಕ್‌ಲ್ಯಾಂಡ್, ಪಶ್ಚಿಮ ಫಾಕ್‌ಲ್ಯಾಂಡ್ ಎಂಬ ಎರಡು ದೊಡ್ಡ ದ್ವೀಪಗಳು, ಅವುಗಳ ಸುತ್ತ 700ಕ್ಕೂ ಹೆಚ್ಚು ಸಣ್ಣಪುಟ್ಟವು. ಒಟ್ಟು ವಿಸ್ತೀರ್ಣ ಸುಮಾರು 12,000 ಚದರ ಕಿಲೋಮೀಟರ್. ಗಾಳಿ ಬೀಸದ ದಿನ ಅಪರೂಪ, ತಾನಾಗಿ ಬೆಳೆದ ಮರ ಒಂದೂ ಇಲ್ಲ. ಸಾವಿರಾರು ವರ್ಷಗಳ ಹುಲ್ಲು ಕೊಳೆತು ಆದ ಪೀಟ್ ಎಂಬ ಕಪ್ಪು ಮಣ್ಣನ್ನು ಇಟ್ಟಿಗೆಯಷ್ಟು ಗಾತ್ರಕ್ಕೆ ಕಡಿದು, ಒಣಗಿಸಿ, ಒಲೆಗೆ ಇಡುವುದು ಅಲ್ಲಿನ ಹಳೆಯ ರೂಢಿ. 1982ರಲ್ಲಿ ಅಲ್ಲಿದ್ದ ಜನ ಸುಮಾರು 1,800, ಕುರಿಗಳು ಲಕ್ಷಗಟ್ಟಲೆ. ಅರ್ಜೆಂಟೀನಾದವರು ಮಾಲ್ವಿನಾಸ್ ಎಂದು ಕರೆಯುವ ಈ ದ್ವೀಪಗಳಿಗಾಗಿ ಆ ವರ್ಷ ಏಪ್ರಿಲ್ 2ರಿಂದ ಜೂನ್ 14ರವರೆಗೆ ಬ್ರಿಟನ್ ಮತ್ತು ಅರ್ಜೆಂಟೀನಾ ಯುದ್ಧ ಮಾಡಿದವು. 900ಕ್ಕೂ ಹೆಚ್ಚು ಜನ ಸತ್ತರು. ಈ ನೆಲದಲ್ಲಿ ಆಗ ಚಿನ್ನವೂ ಸಿಕ್ಕಿರಲಿಲ್ಲ, ಎಣ್ಣೆಯೂ ಬಂದಿರಲಿಲ್ಲ. ಜಗಳ ಹಳೆಯದಾದಷ್ಟೂ ಅದರ ಬೆಲೆ ಏರುತ್ತ ಹೋಯಿತು, ಅಷ್ಟೆ.

ಜಗಳದ ಬೇರು 18ನೇ ಶತಮಾನದಲ್ಲಿದೆ. ಐರೋಪ್ಯರು ನೆಲೆಯೂರಲು ಬಂದಾಗ ದ್ವೀಪಗಳಲ್ಲಿ ಮನುಷ್ಯರ ವಾಸವಿರಲಿಲ್ಲ. ಹೀಗಾಗಿ ಮೊದಲು ಕಂಡವರು ಯಾರು, ಮೊದಲು ಇಳಿದವರು ಯಾರು, ಮೊದಲು ಮನೆ ಕಟ್ಟಿದವರು ಯಾರು ಎಂಬ ಪ್ರಶ್ನೆಗಳಿಗೆ ಇಲ್ಲದ ಮಹತ್ವ ಬಂತು. 1690ರಲ್ಲಿ ಇಂಗ್ಲಿಷ್ ಕಪ್ತಾನ ಜಾನ್ ಸ್ಟ್ರಾಂಗ್ ಅಲ್ಲಿ ಇಳಿದು, ಎರಡು ದೊಡ್ಡ ದ್ವೀಪಗಳ ನಡುವಿನ ಜಲಸಂಧಿಗೆ ಫಾಕ್‌ಲ್ಯಾಂಡ್ ಪ್ರಭುವಿನ ಹೆಸರಿಟ್ಟು ಹೊರಟುಹೋದ. ಮೊದಲು ಊರು ಕಟ್ಟಿದವರು ಫ್ರೆಂಚರು. 1764ರಲ್ಲಿ ಲೂಯಿ ಆಂಟ್ವಾನ್ ದ ಬೂಗೆನ್‌ವಿಲ್ ಪೂರ್ವ ದ್ವೀಪದಲ್ಲಿ ಪೋರ್ಟ್ ಲೂಯಿ ಸ್ಥಾಪಿಸಿದ. ಅವನ ಜನ ಹೊರಟು ಬಂದದ್ದು ಫ್ರಾನ್ಸಿನ ಸೇಂಟ್ ಮಾಲೋ ಬಂದರಿನಿಂದ. ಮಾಲ್ವಿನಾಸ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಮರುವರ್ಷ ಬ್ರಿಟಿಷರು ಪಶ್ಚಿಮದ ಸಾಂಡರ್ಸ್ ದ್ವೀಪಕ್ಕೆ ಬಂದು ಪೋರ್ಟ್ ಎಗ್ಮಂಟ್ ತಮ್ಮದೆಂದು ಸಾರಿದರು. ದಕ್ಷಿಣ ಅಮೆರಿಕದ ಸುತ್ತಲ ಕಡಲೆಲ್ಲ ತನ್ನದೆಂದು ತಿಳಿದಿದ್ದ ಸ್ಪೇನ್ ತಕರಾರು ತೆಗೆಯಿತು. ಫ್ರಾನ್ಸ್ 1767ರಲ್ಲಿ ಪರಿಹಾರದ ಹಣ ಪಡೆದು ತನ್ನ ಊರನ್ನು ಸ್ಪೇನಿಗೆ ಬಿಟ್ಟುಕೊಟ್ಟಿತು. 1770ರಲ್ಲಿ ಸ್ಪೇನಿನ ಹಡಗುಗಳು ಪೋರ್ಟ್ ಎಗ್ಮಂಟಿನಿಂದ ಬ್ರಿಟಿಷರನ್ನು ಹೊರಗಟ್ಟಿದಾಗ ಎರಡೂ ದೇಶಗಳು ಯುದ್ಧದ ಅಂಚಿಗೆ ಬಂದು ನಿಂತವು. 1771ರ ರಾಜಿಯಲ್ಲಿ ಊರು ಬ್ರಿಟಿಷರ ಕೈಗೆ ಮರಳಿತು; ಒಡೆತನ ಯಾರದು ಎಂಬ ಮಾತನ್ನು ಮಾತ್ರ ಹಾಗೇ ಬಿಡಲಾಯಿತು. ಮುಂದಿನ ಎರಡು ಶತಮಾನಗಳ ತೊಡಕೆಲ್ಲ ಹುಟ್ಟಿದ್ದು ಇತ್ಯರ್ಥ ಮಾಡದೆ ಬಿಟ್ಟ ಆ ಒಂದು ಮಾತಿನಿಂದ. 1774ರಲ್ಲಿ ಬ್ರಿಟಿಷರು ಖರ್ಚು ತಾಳದೆ ಹೊರಟುಹೋದರು. ಹೋಗುವಾಗ ದ್ವೀಪ ತಮ್ಮ ರಾಜನದೆಂದು ಕೆತ್ತಿದ ಸೀಸದ ಫಲಕವೊಂದನ್ನು ಬಿಟ್ಟುಹೋದರು. 1811ರಲ್ಲಿ ಸ್ಪೇನಿನವರೂ ಕಾಲ್ತೆಗೆದರು. ಆಮೇಲೆ ಕೆಲ ವರ್ಷ ಸೀಲ್ ಮತ್ತು ತಿಮಿಂಗಿಲ ಬೇಟೆಯವರದೇ ಓಡಾಟ.

ಸ್ಪೇನಿನಿಂದ ಬಿಡಿಸಿಕೊಂಡು 1816ರಲ್ಲಿ ಸ್ವಾತಂತ್ರ್ಯ ಸಾರಿದ ಅರ್ಜೆಂಟೀನಾ, ಸ್ಪೇನಿನ ಆಸ್ತಿಗೆಲ್ಲ ತಾನೇ ವಾರಸುದಾರ ಎಂಬ ನಿಲುವು ತಳೆಯಿತು. 1820ರಲ್ಲಿ ಅದರ ಧ್ವಜ ಅಲ್ಲಿ ಹಾರಿತು. ಲೂಯಿಸ್ ವೆರ್ನೆ ಎಂಬ ವ್ಯಾಪಾರಿ ಅಲ್ಲಿ ವಸಾಹತು ಕಟ್ಟಿ, 1829ರಲ್ಲಿ ಬ್ಯೂನಸ್ ಐರಿಸ್ ಸರ್ಕಾರದಿಂದ ಆಡಳಿತಾಧಿಕಾರಿಯ ಪದವಿಯನ್ನೂ ಪಡೆದ. ಸೀಲ್ ಬೇಟೆಗೆ ಬಂದ ಅಮೆರಿಕದ ಹಡಗುಗಳನ್ನು ಅವನು ಹಿಡಿದದ್ದೇ ಮುಳುವಾಯಿತು. 1831ರ ಕೊನೆಯಲ್ಲಿ ಅಮೆರಿಕದ ಯುದ್ಧನೌಕೆ ಲೆಕ್ಸಿಂಗ್ಟನ್ ಬಂದು ಊರಿನ ಮೇಲೆ ದಾಳಿ ಮಾಡಿತು. ಆ ಗೊಂದಲದ ನಡುವೆ 1833ರ ಜನವರಿಯಲ್ಲಿ ಬ್ರಿಟಿಷ್ ನೌಕೆ ಕ್ಲಿಯೋ ಬಂದಿತು. ಕಪ್ತಾನ ಜಾನ್ ಆನ್‌ಸ್ಲೋ ಅರ್ಜೆಂಟೀನಾದ ಧ್ವಜವನ್ನು ಇಳಿಸಿ, ಅಲ್ಲಿದ್ದ ಸಾರಾಂಡಿ ಹಡಗಿನ ಅಧಿಕಾರಿ ಪಿನೇಡೊಗೆ ಹೊರಡಲು ಹೇಳಿದ. ಗುಂಡು ಹಾರಲಿಲ್ಲ. ಬ್ರಿಟನ್ನಿಗೆ ಇದು ಬಿಟ್ಟುಹೋಗಿದ್ದ ಹಕ್ಕನ್ನು ಮರಳಿ ಪಡೆದ ದಿನ. ಅರ್ಜೆಂಟೀನಾಕ್ಕೆ ಹುಟ್ಟುತ್ತಲೇ ಕೈಯೊಂದನ್ನು ಕಳೆದುಕೊಂಡ ದಿನ.

ಅಲ್ಲಿಂದ ಮುಂದಿನ ನೂರೈವತ್ತು ವರ್ಷ ದ್ವೀಪಗಳ ಆಡಳಿತ ಬ್ರಿಟನ್ನಿನದೇ ಆಯಿತು. 1840ರ ದಶಕದಲ್ಲಿ ಸ್ಟಾನ್ಲಿ ರಾಜಧಾನಿಯಾಯಿತು. ಕೇಪ್ ಹಾರ್ನ್ ಸುತ್ತಿ ಜರ್ಜರಿತವಾಗಿ ಬರುವ ಹಾಯಿಹಡಗುಗಳ ದುರಸ್ತಿಯಿಂದ ಅದಕ್ಕೆ ಕೆಲಕಾಲ ಒಳ್ಳೆಯ ಸಂಪಾದನೆಯೂ ಇತ್ತು. ಜಮೀನು, ಅಂಗಡಿ, ಹಡಗು, ಉಣ್ಣೆಯ ವ್ಯಾಪಾರ ಬಹುಪಾಲು ಫಾಕ್‌ಲ್ಯಾಂಡ್ ಐಲೆಂಡ್ಸ್ ಕಂಪನಿಯ ಹಿಡಿತಕ್ಕೆ ಹೋಯಿತು. ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳಿಂದ ಬಂದ ಕುರಿಗಾಹಿಗಳ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಬೇರು ಬಿಟ್ಟರು. ಅತ್ತ ಅರ್ಜೆಂಟೀನಾದ ಶಾಲೆಗಳಲ್ಲಿ ಮಾಲ್ವಿನಾಸ್ ನಮ್ಮದೆಂಬ ಪಾಠ ತಲೆಮಾರಿನಿಂದ ತಲೆಮಾರಿಗೆ ನಡೆದುಬಂತು. ಬಲಪಂಥೀಯರು, ಎಡಪಂಥೀಯರು, ಪೆರೋನ್ ಬೆಂಬಲಿಗರು, ವಿರೋಧಿಗಳು ಎಲ್ಲರೂ ಒಪ್ಪುತ್ತಿದ್ದ ವಿಷಯ ಆ ದೇಶದಲ್ಲಿ ಬಹುಶಃ ಇದೊಂದೇ.

1965ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ 2065ನೇ ನಿರ್ಣಯದ ಮೂಲಕ ಎರಡೂ ದೇಶಗಳು ಮಾತುಕತೆಗೆ ಕೂರಬೇಕೆಂದಿತು. ಲಂಡನ್ನಿಗೂ ಈ ಹೊರೆ ಇಳಿದರೆ ಸಾಕಿತ್ತು. 1971ರ ಸಂಪರ್ಕ ಒಪ್ಪಂದದ ನಂತರ ಅರ್ಜೆಂಟೀನಾದ ವಿಮಾನಗಳು ಸ್ಟಾನ್ಲಿಗೆ ಬರತೊಡಗಿದವು. ಇಂಧನ ಅಲ್ಲಿಂದಲೇ ಬರುತ್ತಿತ್ತು. ದೊಡ್ಡ ಕಾಯಿಲೆಯಾದರೆ ಚಿಕಿತ್ಸೆಗೂ ಅಲ್ಲಿಗೇ ಹೋಗುತ್ತಿದ್ದರು. ಒಡನಾಟ ಬೆಳೆದರೆ ಮನಸ್ಸು ಕರಗೀತು ಎಂಬ ಲೆಕ್ಕಾಚಾರ ಅದು. ದ್ವೀಪದ ಜನ ಕರಗಲಿಲ್ಲ. 1980ರಲ್ಲಿ ಬ್ರಿಟಿಷ್ ಸಚಿವ ನಿಕೋಲಸ್ ರಿಡ್ಲಿ ಮಧ್ಯದ ದಾರಿಯೊಂದನ್ನು ಹಿಡಿದು ಬಂದರು: ಒಡೆತನ ಅರ್ಜೆಂಟೀನಾಕ್ಕೆ, ಆಡಳಿತ ದೀರ್ಘಾವಧಿ ಗುತ್ತಿಗೆಯ ಮೇಲೆ ಬ್ರಿಟನ್ನಿಗೆ. ದ್ವೀಪದಲ್ಲಿ ಅವರಿಗೆ ಸಿಟ್ಟಿನ ಬೀಳ್ಕೊಡುಗೆ ದೊರೆಯಿತು. ಡಿಸೆಂಬರಿನಲ್ಲಿ ಸಂಸತ್ತಿನ ಎಲ್ಲ ಪಕ್ಷಗಳವರೂ ಸೇರಿ ಅವರನ್ನು ತರಾಟೆಗೆ ತೆಗೆದುಕೊಂಡರು, ಯೋಜನೆ ಅಲ್ಲಿಗೇ ಬಿತ್ತು.

ಇಲ್ಲಿ ಲಂಡನ್ನಿನ ತಪ್ಪು ಸಣ್ಣದಲ್ಲ. ದ್ವೀಪಗಳನ್ನು ಬಿಟ್ಟುಕೊಡುವ ಧೈರ್ಯ ಅದಕ್ಕಿರಲಿಲ್ಲ, ಕಾಯುವ ಖರ್ಚಿಗೂ ಮನಸ್ಸಿರಲಿಲ್ಲ. 1977ರಲ್ಲಿ ಅರ್ಜೆಂಟೀನಾದ ನಡೆ ಅನುಮಾನ ಹುಟ್ಟಿಸಿದಾಗ ಕ್ಯಾಲಹನ್ ಸರ್ಕಾರ ಸದ್ದಿಲ್ಲದೆ ಅಣುಶಕ್ತಿ ಜಲಾಂತರ್ಗಾಮಿಯೊಂದನ್ನು ಅತ್ತ ಕಳಿಸಿತ್ತು. 1981ರಲ್ಲಿ ಥ್ಯಾಚರ್ ಸರ್ಕಾರದ ರಕ್ಷಣಾ ಸಚಿವ ಜಾನ್ ನಾಟ್ ವೆಚ್ಚ ಕಡಿತದ ಹೆಸರಿನಲ್ಲಿ, ಆ ಕಡಲಿನಲ್ಲಿದ್ದ ಒಂದೇ ಗಸ್ತು ಹಡಗಾದ ಎಂಡ್ಯೂರೆನ್ಸನ್ನು ಹಿಂದಕ್ಕೆ ಕರೆಸುವುದಾಗಿ ಸಾರಿದರು. ಅದೇ ವರ್ಷದ ಪೌರತ್ವ ಕಾಯ್ದೆಯಿಂದ ಅನೇಕ ದ್ವೀಪವಾಸಿಗಳ ಪೂರ್ಣ ಬ್ರಿಟಿಷ್ ಪೌರತ್ವವೂ ಕೈತಪ್ಪುವಂತಾಯಿತು. ಬ್ರಿಟನ್ನಿಗೆ ಈ ದ್ವೀಪ ಬೇಡವಾಗಿದೆ ಎಂದು ಬ್ಯೂನಸ್ ಐರಿಸಿನಲ್ಲಿ ಅರ್ಥಮಾಡಿಕೊಂಡರೆ ಅಚ್ಚರಿಯೇನಿಲ್ಲ.

ಅಲ್ಲಿ ಅಧಿಕಾರದಲ್ಲಿದ್ದದ್ದು 1976ರಲ್ಲಿ ಗದ್ದುಗೆ ಹಿಡಿದ ಸೇನಾಡಳಿತ. ಸಾವಿರಾರು ವಿರೋಧಿಗಳನ್ನು ಅದು ಎತ್ತಿಕೊಂಡು ಹೋಗಿ ಇಲ್ಲವಾಗಿಸಿತ್ತು. ಹಣದುಬ್ಬರ ವರ್ಷಕ್ಕೆ ಶೇಕಡ 100 ದಾಟಿತ್ತು. 1981ರ ಡಿಸೆಂಬರಿನಲ್ಲಿ ಭೂಸೇನೆಯ ಜನರಲ್ ಲಿಯೋಪೋಲ್ಡೊ ಗಾಲ್ತಿಯೇರಿ ಅಧ್ಯಕ್ಷನಾದ. ಅವನ ಬೆನ್ನಿಗೆ ನಿಂತ ನೌಕಾಪಡೆಯ ಅಡ್ಮಿರಲ್ ಹೋರ್ಹೆ ಅನಾಯಾಗೆ ಮಾಲ್ವಿನಾಸ್ ಹುಚ್ಚು ಹಳೆಯದು. 1982ರ ಮಾರ್ಚ್ 19ರಂದು, ಫಾಕ್‌ಲ್ಯಾಂಡಿನಿಂದಲೂ ದೂರದ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಗುಜರಿ ವ್ಯಾಪಾರಿಯೊಬ್ಬನ ಕೆಲಸಗಾರರು ಇಳಿದರು. ಪಾಳುಬಿದ್ದ ತಿಮಿಂಗಿಲ ಕಾರ್ಖಾನೆಯ ಕಬ್ಬಿಣ ಕಳಚಿ ಒಯ್ಯಲು ಗುತ್ತಿಗೆ ಹಿಡಿದಿದ್ದ ಅವರನ್ನು ಕರೆತಂದದ್ದು ಅರ್ಜೆಂಟೀನಾದ ನೌಕಾಪಡೆಯ ಹಡಗು. ಅಲ್ಲಿ ಅವರ ಧ್ವಜ ಹಾರಿತು. ಬ್ರಿಟನ್ ಆಕ್ಷೇಪಿಸಿ ಎಂಡ್ಯೂರೆನ್ಸ್ ಕಳಿಸಿತು, ಮಾತು ಬಿಗಿಯಾಯಿತು. ಮಾರ್ಚ್ 30ರಂದು ಬ್ಯೂನಸ್ ಐರಿಸಿನ ಬೀದಿಗಿಳಿದ ಕಾರ್ಮಿಕರನ್ನು ಪೊಲೀಸರು ಬಡಿದು ಚದುರಿಸಿದರು. ಮೂರೇ ದಿನಗಳಲ್ಲಿ ಅದೇ ನಗರದ ಪ್ಲಾಜಾ ದೆ ಮಾಯೊ ಚೌಕದಲ್ಲಿ ಜನ ಧ್ವಜ ಹಿಡಿದು ಹರ್ಷೋದ್ಗಾರ ಮಾಡುತ್ತಿದ್ದರು.

ಏಪ್ರಿಲ್ 2ರ ನಸುಕಿನಲ್ಲಿ ಅರ್ಜೆಂಟೀನಾದ ಪಡೆಗಳು ಸ್ಟಾನ್ಲಿ ಬಳಿ ಇಳಿದಿದ್ದವು. ಗವರ್ನರ್ ರೆಕ್ಸ್ ಹಂಟ್ ಬಳಿ ಇದ್ದದ್ದು ಬೆರಳೆಣಿಕೆಯ ರಾಯಲ್ ಮರೀನ್ ಯೋಧರು. ಕೆಲ ಗಂಟೆಗಳ ಗುಂಡಿನ ಕಾಳಗದ ನಂತರ ಅವರು ಶರಣಾದರು. ಸ್ಟಾನ್ಲಿಗೆ ಪುವೆರ್ತೊ ಅರ್ಹೆಂತಿನೊ ಎಂಬ ಹೊಸ ಹೆಸರು ಬಂತು. ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗಬೇಕೆಂಬ ಆಜ್ಞೆ ಹೊರಟಿತು. ಲಂಡನ್ನಿನಲ್ಲಿ ಏಪ್ರಿಲ್ 3ರ ಶನಿವಾರ ಸಂಸತ್ತು ತುರ್ತಾಗಿ ಸೇರಿತು. ಅದೇ ದಿನ ಭದ್ರತಾ ಮಂಡಳಿ 502ನೇ ನಿರ್ಣಯದಲ್ಲಿ ಅರ್ಜೆಂಟೀನಾ ಸೇನೆ ಹಿಂದಕ್ಕೆ ಹೋಗಬೇಕೆಂದಿತು. ಪರವಾಗಿ ಹತ್ತು ಮತ, ವಿರುದ್ಧ ಪನಾಮದ ಒಂದು ಮತ. ವಿದೇಶಾಂಗ ಸಚಿವ ಲಾರ್ಡ್ ಕ್ಯಾರಿಂಗ್ಟನ್ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಬ್ರಿಟನ್ ಇಷ್ಟು ದೂರಕ್ಕೆ ದಂಡೆತ್ತಿ ಬರುವುದಿಲ್ಲ, ಅಮೆರಿಕ ಪಕ್ಷ ವಹಿಸುವುದಿಲ್ಲ ಎಂದು ನಂಬಿದ್ದ ಸೇನಾಡಳಿತದ ಎರಡೂ ಎಣಿಕೆಗಳು ತಪ್ಪಾದವು.

ಬ್ರಿಟಿಷ್ ಸೇನೆಗೆ ಎದುರಾದ ಮೊದಲ ವೈರಿ ದೂರ. ಇಂಗ್ಲೆಂಡಿನಿಂದ ದ್ವೀಪಗಳಿಗೆ ಸುಮಾರು 13,000 ಕಿಲೋಮೀಟರ್ ಸಮುದ್ರದ ದಾರಿ. ಏಪ್ರಿಲ್ 5ರಂದು ಹರ್ಮಿಸ್ ಮತ್ತು ಇನ್ವಿನ್ಸಿಬಲ್ ಎಂಬ ವಿಮಾನವಾಹಕ ನೌಕೆಗಳು ಪೋರ್ಟ್ಸ್‌ಮತ್ ಬಿಟ್ಟವು. ನೌಕಾಪಡೆಯ ಹಡಗುಗಳು ಸಾಲದೆ ವ್ಯಾಪಾರಿ ಹಡಗುಗಳನ್ನೂ ವಶಕ್ಕೆ ತೆಗೆದುಕೊಂಡರು. ವಿಹಾರ ಯಾತ್ರೆ ಮುಗಿಸಿ ಬಂದ ಕ್ಯಾನ್‌ಬೆರಾ ಎಂಬ ಪ್ರಯಾಣಿಕರ ಹಡಗಿಗೆ ಎರಡೇ ದಿನಗಳಲ್ಲಿ ಹೆಲಿಕಾಪ್ಟರ್ ಇಳಿಯುವ ಕಟ್ಟೆಗಳನ್ನು ಬೆಸೆದು, ಸಾವಿರಾರು ಸೈನಿಕರನ್ನು ತುಂಬಿ ಸಾಗಹಾಕಿದರು. ಆಮೇಲೆ ಕ್ವೀನ್ ಎಲಿಜಬೆತ್ 2 ಹೊರಟಿತು. ಒಟ್ಟು ಹಡಗುಗಳ ಸಂಖ್ಯೆ 100 ದಾಟಿತು. ಹೆಚ್ಚುಕಡಿಮೆ ಅರ್ಧದಾರಿಯಲ್ಲಿ ಬ್ರಿಟನ್ನಿನದೇ ಆದ ಅಸೆನ್ಷನ್ ದ್ವೀಪ, ಅಲ್ಲಿ ಅಮೆರಿಕ ನಡೆಸುತ್ತಿದ್ದ ವಿಮಾನ ನಿಲ್ದಾಣ. ಅದೊಂದು ಇರದಿದ್ದರೆ ಈ ದಂಡಯಾತ್ರೆ ದಡ ಮುಟ್ಟುತ್ತಿರಲಿಲ್ಲ.

ದೂರದ ಲೆಕ್ಕ ಎಷ್ಟು ಕಠಿಣವಾಗಿತ್ತು ಎಂಬುದು ಮೇ 1ರ ಒಂದು ದಾಳಿಯಿಂದ ತಿಳಿಯುತ್ತದೆ. ಸ್ಟಾನ್ಲಿಯ ಓಡುದಾರಿಯನ್ನು ಕೆಡಿಸಲು ಅಸೆನ್ಷನ್ನಿನಿಂದ ಒಂದು ವಲ್ಕನ್ ಬಾಂಬರ್ ಹೋಗಬೇಕು. ಅದರ ಇಂಧನ ಹೋಗುವುದಕ್ಕೇ ಸಾಲದು. ಆದ್ದರಿಂದ ಅದರ ಜೊತೆ 11 ವಿಕ್ಟರ್ ಟ್ಯಾಂಕರ್ ವಿಮಾನಗಳು ಹಾರಿದವು. ಕತ್ತಲಲ್ಲಿ, ಸಾಗರದ ಮೇಲೆ, ಒಂದು ಟ್ಯಾಂಕರ್ ಇನ್ನೊಂದಕ್ಕೆ ಇಂಧನ ತುಂಬಿಸಿ ತಾನು ಹಿಂದಿರುಗುವುದು, ಅದು ಮುಂದೆ ಹೋಗಿ ಮತ್ತೊಂದಕ್ಕೆ ತುಂಬಿಸುವುದು. ಹೀಗೆ ಕೊನೆಗೆ ಬಾಂಬರ್ ಒಂದೇ ಉಳಿದು ಗುರಿಯತ್ತ ಸಾಗಿತು. ಸುಮಾರು 16 ಗಂಟೆಗಳ ಹಾರಾಟದಲ್ಲಿ ಅದು ಹಾಕಿದ್ದು 21 ಬಾಂಬು, ಓಡುದಾರಿಗೆ ಬಡಿದದ್ದು ಒಂದು. ಗುಂಡಿ ಬಿದ್ದ ಆ ದಾರಿಯ ಮೇಲೆಯೇ ಅರ್ಜೆಂಟೀನಾದ ಹರ್ಕ್ಯುಲಸ್ ಸಾಗಣೆ ವಿಮಾನಗಳು ಯುದ್ಧದ ಕೊನೆಯವರೆಗೂ ರಾತ್ರಿ ಹೊತ್ತು ಬಂದುಹೋಗುತ್ತಿದ್ದವು.

ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್ ಲಂಡನ್ ಮತ್ತು ಬ್ಯೂನಸ್ ಐರಿಸ್ ನಡುವೆ ಓಡಾಡಿ ಬರಿಗೈಯಲ್ಲಿ ಮರಳಿದರು. ಪೆರುವಿನ ಅಧ್ಯಕ್ಷ ಬೆಲೌಂದೆಯ ಸಂಧಾನ ಇನ್ನೂ ಜೀವಂತವಾಗಿದ್ದಾಗಲೇ, ಮೇ 2ರ ಸಂಜೆ ಬ್ರಿಟಿಷ್ ಜಲಾಂತರ್ಗಾಮಿ ಕಾಂಕರರ್ ಹೊಡೆದ ಟಾರ್ಪಿಡೊಗಳಿಗೆ ಅರ್ಜೆಂಟೀನಾದ ಕ್ರೂಸರ್ ಹೆನೆರಾಲ್ ಬೆಲ್ಗ್ರಾನೊ ಮುಳುಗಿತು. 1941ರಲ್ಲಿ ಅಮೆರಿಕದ ಫೀನಿಕ್ಸ್ ಎಂಬ ಹೆಸರಿನಲ್ಲಿ ಪರ್ಲ್ ಹಾರ್ಬರ್ ದಾಳಿಯಿಂದ ಪಾರಾಗಿದ್ದ ಹಡಗು ಅದು. 323 ಮಂದಿ ಸತ್ತರು. ಬ್ರಿಟನ್ ಸಾರಿದ್ದ 200 ನಾಟಿಕಲ್ ಮೈಲಿಯ ನಿಷೇಧ ವಲಯದಿಂದ ಹಡಗು ಹೊರಗಿತ್ತು ಎಂಬ ಕಾರಣಕ್ಕೆ ಈ ದಾಳಿ ಸರಿಯೇ ತಪ್ಪೇ ಎಂಬ ವಾದ ಬ್ರಿಟನ್ನಿನಲ್ಲೇ ವರ್ಷಗಟ್ಟಲೆ ನಡೆಯಿತು. ಯುದ್ಧದ ಲೆಕ್ಕದಲ್ಲಿ ಅದರ ಪರಿಣಾಮ ಸ್ಪಷ್ಟ: ಅರ್ಜೆಂಟೀನಾದ ನೌಕಾಪಡೆ ಕರಾವಳಿಗೆ ಹಿಂದಿರುಗಿ ಮತ್ತೆ ಹೊರಬರಲಿಲ್ಲ. ಪೆರುವಿನ ಸಂಧಾನದ ದಾರಿಯೂ ಅಲ್ಲಿಗೆ ಮುಚ್ಚಿತು. ಎರಡೇ ದಿನಗಳಲ್ಲಿ ಫ್ರಾನ್ಸ್ ತಯಾರಿಸಿದ ಎಕ್ಸೊಸೆಟ್ ಕ್ಷಿಪಣಿ ಬ್ರಿಟಿಷ್ ನೌಕೆ ಶೆಫೀಲ್ಡ್‌ಗೆ ಬಡಿದು 20 ಜನ ಸತ್ತರು. ವಿಮಾನದಿಂದ ಹಾರಿಸುವ ಅಂಥ ಕ್ಷಿಪಣಿಗಳು ಅರ್ಜೆಂಟೀನಾದ ಬಳಿ ಇದ್ದದ್ದು ಐದು ಮಾತ್ರ.

ಮೇ 21ರಂದು ಬ್ರಿಟಿಷ್ ಪಡೆಗಳು ಪೂರ್ವ ದ್ವೀಪದ ಸ್ಯಾನ್ ಕಾರ್ಲೋಸ್ ಕೊಲ್ಲಿಯಲ್ಲಿ ಇಳಿದವು. ಮುಂದಿನ ದಿನಗಳಲ್ಲಿ ಅರ್ಜೆಂಟೀನಾದ ಪೈಲಟ್‌ಗಳು ತೋರಿದ ಧೈರ್ಯವನ್ನು ಎದುರಾಳಿಗಳೂ ಹೊಗಳಿದ್ದಾರೆ. ತಾಯ್ನೆಲದಿಂದ ಹಾರಿ ಬರುವ ಅವರಿಗೆ ಗುರಿಯ ಮೇಲೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಕ್ಷಿಪಣಿ ತಪ್ಪಿಸಲು ಅಲೆಗಳಿಗೆ ತಾಗುವಷ್ಟು ಕೆಳಗೆ ಹಾರಿ ಬಾಂಬು ಬಿಡುತ್ತಿದ್ದರು. ಅಷ್ಟು ಕೆಳಗಿನಿಂದ ಬಿದ್ದ ಬಾಂಬಿನ ಫ್ಯೂಸಿಗೆ ಸಿದ್ಧಗೊಳ್ಳುವಷ್ಟು ಸಮಯ ಸಾಲದೆ ಎಷ್ಟೋ ಬಾಂಬುಗಳು ಹಡಗಿನ ಹೊಟ್ಟೆ ಹೊಕ್ಕರೂ ಸಿಡಿಯಲಿಲ್ಲ. ಸಿಡಿದಿದ್ದರೆ ಯುದ್ಧದ ಗತಿಯೇ ಬೇರೆಯಾಗುತ್ತಿತ್ತು. ಹಾಗಿದ್ದೂ ಆರ್ಡೆಂಟ್, ಆಂಟಿಲೋಪ್, ಕವೆಂಟ್ರಿ ಮುಳುಗಿದವು. ಮೇ 25ರಂದು ಎಕ್ಸೊಸೆಟ್ ಬಡಿದ ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿನ ಜೊತೆ ಮೂರು ಚಿನೂಕ್ ಹೆಲಿಕಾಪ್ಟರ್‌ಗಳೂ ಸುಟ್ಟುಹೋದವು. ಹೆಲಿಕಾಪ್ಟರಿನಲ್ಲಿ ಸಾಗಬೇಕಿದ್ದ ಸೈನಿಕರು ಬೆನ್ನ ಮೇಲೆ ಹೊರೆ ಹೊತ್ತು, ಕಾಲು ಹೂತುಹೋಗುವ ಜೌಗಿನಲ್ಲಿ, ದ್ವೀಪದ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದೇ ಹೋದರು.

ಗೂಸ್ ಗ್ರೀನ್ ಎಂಬ ಕುರಿ ಸಾಕಣೆಯ ಹಳ್ಳಿಯ ಮೇಲೆ ದಾಳಿ ನಡೆಯಲಿದೆ ಎಂಬ ಸುಳಿವನ್ನು ಬಿಬಿಸಿ ರೇಡಿಯೊ ಮೊದಲೇ ಬಿತ್ತರಿಸಿಬಿಟ್ಟಿತ್ತು. ಮೇ 28ರಂದು ಅಲ್ಲಿ ನಡೆದ ಕಾಳಗದಲ್ಲಿ ಪ್ಯಾರಾಶೂಟ್ ಬೆಟಾಲಿಯನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎಚ್. ಜೋನ್ಸ್ ಸತ್ತರು. ಮರುದಿನ ಹಳ್ಳಿ ಶರಣಾಯಿತು. ಅಲ್ಲಿನ ಸಮುದಾಯ ಭವನದ ಬಾಗಿಲು ತೆರೆದಾಗ, ಸುಮಾರು ಒಂದು ತಿಂಗಳಿನಿಂದ ಕೂಡಿಹಾಕಿದ್ದ 114 ದ್ವೀಪವಾಸಿಗಳು ಹೊರಬಂದರು. ಅವರಲ್ಲಿ ಮುದುಕರೂ ಇದ್ದರು, ಕೂಸುಗಳೂ ಇದ್ದವು.

ಸ್ಟಾನ್ಲಿ ಸುತ್ತಲ ಗುಡ್ಡಗಳ ಮೇಲೆ ತೋಡಿದ ಕಂದಕಗಳಲ್ಲಿ ಅರ್ಜೆಂಟೀನಾದ ಸೈನಿಕರಿದ್ದರು. ಬಹಳಷ್ಟು ಮಂದಿ ಕಡ್ಡಾಯ ಸೇವೆಗೆ ಎಳೆತಂದ 18-19 ವರ್ಷದ ಹುಡುಗರು. ಕೊರಿಯೆಂತೆಸ್, ಚಾಕೊದಂಥ ಸೆಕೆಯ ಪ್ರಾಂತ್ಯಗಳವರೂ ಅವರಲ್ಲಿದ್ದರು. ದಕ್ಷಿಣ ಗೋಳದ ಚಳಿಗಾಲವನ್ನು ಅವರು ನೀರು ಒಸರುವ ಗುಂಡಿಗಳಲ್ಲಿ ಕಳೆದರು. ಊರೊಳಗಿನ ಗೋದಾಮಿನಲ್ಲಿ ದವಸವಿತ್ತು, ಗುಡ್ಡದ ಮೇಲಿನ ಹುಡುಗನಿಗೆ ಹೊಟ್ಟೆಗಿಲ್ಲ. ಹಸಿವು ತಾಳದೆ ಕುರಿ ಕದ್ದವನನ್ನು ಮೇಲಧಿಕಾರಿಗಳು ಕೈಕಾಲು ಗೂಟಕ್ಕೆ ಕಟ್ಟಿ ಬಯಲಿನ ಚಳಿಯಲ್ಲಿ ಮಲಗಿಸಿದ್ದರೆಂದು ಹಿಂದಿರುಗಿದವರು ಸಾಕ್ಷಿ ನುಡಿದರು. ತನ್ನ ಮಕ್ಕಳನ್ನೇ ಹೀಗೆ ನಡೆಸಿಕೊಂಡ ಆಡಳಿತ ದೇಶದ ಮಾನದ ಹೆಸರಿನಲ್ಲಿ ಈ ಯುದ್ಧಕ್ಕೆ ಇಳಿದಿತ್ತು ಎಂಬುದನ್ನು ಮರೆಯಲಾಗದು. ಬ್ರಿಟಿಷರ ಸಂಕಟವೂ ಕಡಿಮೆಯದಲ್ಲ. ಜೂನ್ 8ರಂದು ಫಿಟ್ಸ್‌ರಾಯ್ ಬಳಿ ಇಳಿಯಲು ಕಾಯುತ್ತಿದ್ದ ಸರ್ ಗಾಲಹ್ಯಾಡ್ ಹಡಗಿನ ಮೇಲೆ ಬಾಂಬು ಬಿದ್ದು ಹತ್ತಾರು ಸೈನಿಕರು ಸುಟ್ಟು ಸತ್ತರು, ಅವರಲ್ಲಿ 32 ಮಂದಿ ವೆಲ್ಷ್ ಗಾರ್ಡ್ಸ್ ದಳದವರು.

ಜೂನ್ 11ರ ರಾತ್ರಿ ಮೌಂಟ್ ಲಾಂಗ್‌ಡನ್, ಟೂ ಸಿಸ್ಟರ್ಸ್, ಮೌಂಟ್ ಹ್ಯಾರಿಯೆಟ್ ಗುಡ್ಡಗಳು ಬ್ರಿಟಿಷರ ಕೈವಶವಾದವು. 13ರ ರಾತ್ರಿ ಟಂಬಲ್‌ಡೌನ್ ಮತ್ತು ವೈರ್‌ಲೆಸ್ ರಿಜ್ ಸರದಿ. ಇದೇ ದಿನಗಳಲ್ಲಿ ಬ್ರಿಟಿಷ್ ಶೆಲ್ಲೊಂದು ಗುರಿ ತಪ್ಪಿ ಸ್ಟಾನ್ಲಿಯ ಮನೆಯೊಂದಕ್ಕೆ ಬಡಿದು ಮೂವರು ಮಹಿಳೆಯರು ಸತ್ತರು. ಯಾರನ್ನು ಬಿಡಿಸಲು ಸೇನೆ ಬಂದಿತ್ತೋ ಆ ದ್ವೀಪವಾಸಿಗಳಲ್ಲಿ ಯುದ್ಧಕ್ಕೆ ಬಲಿಯಾದವರು ಈ ಮೂವರೇ. ಜೂನ್ 14ರ ರಾತ್ರಿ ಜನರಲ್ ಮಾರಿಯೊ ಮೆನೆಂದೆಸ್, ಬ್ರಿಟಿಷ್ ಮೇಜರ್ ಜನರಲ್ ಜೆರೆಮಿ ಮೂರ್ ಮುಂದೆ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಹಾಕುವ ಮುನ್ನ ‘ಬೇಷರತ್’ ಎಂಬ ಪದವನ್ನು ಹೊಡೆದುಹಾಕಿದರು, ಮೂರ್ ಅದಕ್ಕೆ ಅಡ್ಡಿಪಡಿಸಲಿಲ್ಲ. ಅರ್ಜೆಂಟೀನಾದ 649, ಬ್ರಿಟನ್ನಿನ 255 ಯೋಧರು ಸತ್ತಿದ್ದರು. ಸೆರೆಸಿಕ್ಕವರು 11,000ಕ್ಕೂ ಹೆಚ್ಚು. ಅವರಲ್ಲಿ ಬಹುತೇಕರನ್ನು ಕೆಲವೇ ದಿನಗಳಲ್ಲಿ ಹಡಗು ಹತ್ತಿಸಿ ಊರಿಗೆ ಕಳಿಸಲಾಯಿತು.

ಗುಡ್ಡಗಳಲ್ಲಿ ಚದುರಿ ಬಿದ್ದಿದ್ದ ಅರ್ಜೆಂಟೀನಾದ ಹೆಣಗಳನ್ನು ಒಟ್ಟುಗೂಡಿಸಿ ಮಣ್ಣು ಮಾಡುವ ಹೊಣೆ ಜೆಫ್ರಿ ಕಾರ್ಡೋಜೊ ಎಂಬ ಯುವ ಬ್ರಿಟಿಷ್ ಅಧಿಕಾರಿಗೆ ಬಂತು. ಹಲವರ ಕೊರಳಲ್ಲಿ ಗುರುತಿನ ಬಿಲ್ಲೆಯೂ ಇರಲಿಲ್ಲ. ಜೇಬು ಹುಡುಕಿ, ಸಿಕ್ಕ ಕಾಗದಪತ್ರ ಬರೆದಿಟ್ಟು, ಪ್ರತಿ ದೇಹವನ್ನೂ ಒಂದರ ಮೇಲೊಂದು ಚೀಲದಲ್ಲಿ ಸುತ್ತಿ, ಯಾವುದು ಎಲ್ಲಿ ಸಿಕ್ಕಿತೆಂದು ಕಾರ್ಡೋಜೊ ದಾಖಲಿಸಿದರು. ಡಾರ್ವಿನ್ ಬಳಿಯ ಸ್ಮಶಾನದಲ್ಲಿ ಹೆಸರು ತಿಳಿಯದ ನೂರಕ್ಕೂ ಹೆಚ್ಚು ಗೋರಿಗಳ ಮೇಲೆ ದೇವರೊಬ್ಬನೇ ಬಲ್ಲ ಅರ್ಜೆಂಟೀನಾದ ಯೋಧ ಎಂಬರ್ಥದ ಬರಹ ಬಂತು. ಆ ದಾಖಲೆ ಹಲವು ವರ್ಷಗಳ ನಂತರ ಅರ್ಜೆಂಟೀನಾದ ಮಾಜಿ ಯೋಧರ ಕೈಸೇರಿತು. ಎರಡೂ ಸರ್ಕಾರಗಳ ಒಪ್ಪಿಗೆಯ ಮೇಲೆ 2017ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಗೋರಿಗಳನ್ನು ತೆರೆದು ಡಿಎನ್‌ಎ ಪರೀಕ್ಷೆ ನಡೆಸಿತು. ನೂರಕ್ಕೂ ಹೆಚ್ಚು ಮಂದಿಯ ಗುರುತು ಪತ್ತೆಯಾಗಿ, ಮಗ ಎಲ್ಲಿ ಮಲಗಿದ್ದಾನೆಂದು ತಿಳಿಯದೆ ಮೂವತ್ತೈದು ವರ್ಷ ಕಳೆದ ತಾಯಂದಿರು ಹೆಸರು ಕೆತ್ತಿದ ಕಲ್ಲಿನ ಮುಂದೆ ನಿಂತರು. ಇಡೀ ಪ್ರಕರಣದಲ್ಲಿ ಎರಡೂ ದೇಶಗಳು ಹೆಮ್ಮೆಪಡಬಹುದಾದ ಕೆಲಸ ಇದೇ.

ಸೋಲಿನ ಮೂರೇ ದಿನಗಳಲ್ಲಿ ಗಾಲ್ತಿಯೇರಿ ಇಳಿಯಬೇಕಾಯಿತು. 1983ರ ಅಕ್ಟೋಬರಿನ ಚುನಾವಣೆಯಲ್ಲಿ ರಾಉಲ್ ಅಲ್ಫೋನ್ಸಿನ್ ಗೆದ್ದು ಪ್ರಜಾಪ್ರಭುತ್ವ ಮರಳಿತು. ಅದೇ ವರ್ಷದ ಜೂನಿನಲ್ಲಿ ಥ್ಯಾಚರ್ ಭಾರಿ ಬಹುಮತದಿಂದ ಮರುಆಯ್ಕೆಯಾದರು. ಯುದ್ಧದ ನಾಯಕ ನೌಕೆಯಾಗಿದ್ದ ಹರ್ಮಿಸನ್ನು ಭಾರತ ಕೊಂಡು 1987ರ ಮೇ ತಿಂಗಳಲ್ಲಿ ಐಎನ್‌ಎಸ್ ವಿರಾಟ್ ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. 2017ರ ಮಾರ್ಚಿನವರೆಗೆ ಅದು ಭಾರತೀಯ ನೌಕಾಪಡೆಯಲ್ಲಿ ದುಡಿಯಿತು.

ದ್ವೀಪಗಳ ಬದುಕು ಗುರುತು ಸಿಗದಷ್ಟು ಬದಲಾಯಿತು. 1983ರಲ್ಲಿ ಪೂರ್ಣ ಬ್ರಿಟಿಷ್ ಪೌರತ್ವ ಬಂತು, 1985ರಲ್ಲಿ ಮೌಂಟ್ ಪ್ಲೆಸೆಂಟ್ ವಾಯುನೆಲೆ ತೆರೆಯಿತು. 1986ರಲ್ಲಿ ಸುತ್ತಲ ಕಡಲನ್ನು ಮೀನುಗಾರಿಕಾ ಸಂರಕ್ಷಣಾ ವಲಯವೆಂದು ಸಾರಿದ ಮೇಲೆ, ಸ್ಕ್ವಿಡ್ ಹಿಡಿಯುವ ವಿದೇಶಿ ಹಡಗುಗಳ ಪರವಾನಗಿ ಶುಲ್ಕವೇ ಉಣ್ಣೆಯನ್ನು ಮೀರಿದ ಆದಾಯವಾಯಿತು. ಅರ್ಜೆಂಟೀನಾದ ಸೇನೆ ಹೂತಿದ್ದ ನೆಲಬಾಂಬುಗಳನ್ನು ಪೂರ್ತಿ ತೆಗೆದು ಮುಗಿಸಿದ್ದು 2020ರಲ್ಲಿ. ಎರಡೂ ದೇಶಗಳ ರಾಜತಾಂತ್ರಿಕ ಸಂಬಂಧ 1990ರಲ್ಲಿ ಮತ್ತೆ ಕುದುರಿತು. ಒಡೆತನದ ಪ್ರಶ್ನೆ ಮಾತ್ರ 1771ರಲ್ಲಿ ಬಿಟ್ಟಂತೆಯೇ ಉಳಿದಿದೆ. 1994ರಲ್ಲಿ ತಿದ್ದುಪಡಿಯಾದ ಅರ್ಜೆಂಟೀನಾದ ಸಂವಿಧಾನ ಈ ದ್ವೀಪಗಳನ್ನು ಮರಳಿ ಪಡೆಯುವುದು ದೇಶದ ಶಾಶ್ವತ ಗುರಿ ಎನ್ನುತ್ತದೆ. ಅದು ಅಂತರರಾಷ್ಟ್ರೀಯ ಕಾನೂನಿಗೆ ಅನುಗುಣವಾಗಿರಬೇಕು, ಅಲ್ಲಿನ ಜನರ ಜೀವನಕ್ರಮವನ್ನು ಗೌರವಿಸಬೇಕು ಎಂದೂ ಸೇರಿಸುತ್ತದೆ. 2013ರ ಮಾರ್ಚಿನಲ್ಲಿ ದ್ವೀಪವಾಸಿಗಳು ಜನಮತಗಣನೆ ನಡೆಸಿದರು. ಬ್ರಿಟನ್ನಿನ ಸಾಗರೋತ್ತರ ಪ್ರದೇಶವಾಗಿಯೇ ಉಳಿಯಲು 1,513 ಮಂದಿ ಒಪ್ಪಿದರು, ಮೂವರು ಒಪ್ಪಲಿಲ್ಲ. ಹೊರಗಿನಿಂದ ತಂದು ನೆಲೆಗೊಳಿಸಿದವರ ಮತಕ್ಕೆ ಈ ವಿವಾದದಲ್ಲಿ ಬೆಲೆಯಿಲ್ಲ ಎಂದು ಅರ್ಜೆಂಟೀನಾ ಅದನ್ನು ತಳ್ಳಿಹಾಕಿತು. ವಿಶ್ವಸಂಸ್ಥೆಯ ವಸಾಹತು ವಿಮೋಚನಾ ಸಮಿತಿಯ ಮುಂದೆ ಎರಡೂ ಕಡೆಯವರು ಇಂದಿಗೂ ವರ್ಷ ವರ್ಷ ತಮ್ಮ ತಮ್ಮ ವಾದ ಮಂಡಿಸುತ್ತಿದ್ದಾರೆ.